ಈಡು ಯಾರಿಗೆ ಕಟ್ಟಿದ್ದು?

ಮಕ್ಕಳೇ, ಸತ್ಯವೇದ ಅಧ್ಯಯನದ ಕೂಟದಿಂದ ನೀವು ಎರಡು ಪಕ್ಷವಾಗಿ ಎದ್ದು ಹೋದಿರಂತೆ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಅಲ್ಲಿನ ಹೊಸ ಸಭೆಗೆ ಹೋಗುವವರು, "ನಮ್ಮ ಪಾಪದ ಶಿಕ್ಷೆಯನ್ನು ತಂದೆ ಮಗನ ಮೇಲೆ ಹಾಕಿದ, ಇದನ್ನು ಒಪ್ಪದವನು ಕ್ರೈಸ್ತನೇ ಅಲ್ಲ" ಅಂದರಂತೆ. ಪಾವಗಡದಲ್ಲೇ ಉಳಿದವರು, "ಮಗನನ್ನು ಹೊಡೆದು ಸಿಟ್ಟು ತೀರಿಸಿಕೊಳ್ಳುವ ದೇವರು ನಮಗೆ ಬೇಡ" ಅಂದರಂತೆ. ಮಾಡಿಟ್ಟ ಕಾಫಿಯೂ ಆರಿಹೋಯಿತಂತೆ. ತಿರುಮಣಿಯ ಸೋಲಾರ್ ಪಾರ್ಕಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗ ಮನೆಗೆ ಬಂದು, "ತಾತಾ, ಯಾರು ಸರಿ ಹೇಳಿಬಿಡು" ಅಂತ ಪಟ್ಟು ಹಿಡಿದ. ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಜಗಳದ ವಯಸ್ಸು ತಿಳಿದುಕೊಳ್ಳಿ. ಅದಕ್ಕೆ ಸಾವಿರದ ಆರುನೂರು ವರ್ಷ ದಾಟಿದೆ.

ನಾನು ದೈವಶಾಸ್ತ್ರ ಓದಿದವನಲ್ಲ, ಹಳ್ಳಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಆದರೂ ಒಂದು ಸಂಗತಿಯನ್ನು ಗಟ್ಟಿಯಾಗಿ ಹೇಳಬಲ್ಲೆ. 325ರಲ್ಲಿ ನಿಸೇಯದಲ್ಲಿ ಬಿಷಪರು ಕೂಡಿದರು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂಡಿದರು, 451ರಲ್ಲಿ ಕಾಲ್ಸೆಡೋನ್‌ನಲ್ಲಿ ಕೂಡಿದರು. ಕ್ರಿಸ್ತ ಯಾರು, ಅವನಲ್ಲಿ ದೈವತ್ವ ಎಷ್ಟು, ಮನುಷ್ಯತ್ವ ಎಷ್ಟು ಎಂಬುದನ್ನು ಒಂದೊಂದು ಪದ ತೂಗಿ ಬರೆದಿಟ್ಟರು. ಶಿಲುಬೆ ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಮಾತ್ರ ಆ ಮಹಾಸಭೆಗಳು ಯಾವ ವಿವರಣೆಗೂ ಮುದ್ರೆ ಒತ್ತಲಿಲ್ಲ. ಕರ್ತನ ಭೋಜನದ ದಿನ ನಾವು ಹೇಳುವ ನಿಸೇಯ ವಿಶ್ವಾಸಪ್ರಮಾಣವನ್ನು ಗಮನವಿಟ್ಟು ಹೇಳಿ ನೋಡಿ. ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎಂಬಲ್ಲಿಗೆ ಅದು ಮಾತು ನಿಲ್ಲಿಸುತ್ತದೆ. ಇಡೀ ಸಭೆ ಯಾವ ವಿವರಣೆಯ ಮೇಲೂ ಕಟ್ಟದ ಬೇಲಿಯನ್ನು ನಮ್ಮ ಕೂಟದ ಇಪ್ಪತ್ತು ಜನ ಕಟ್ಟಲು ಹೊರಟರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ.

ಹಾಗಂತ ಎಲ್ಲವೂ ಒಂದೇ ಬಿಡಿ ಎಂದು ತೇಲಿಸುವವನೂ ನಾನಲ್ಲ. ಯಾರು ಏನು ಹೇಳಿದರು, ಯಾಕೆ ಹೇಳಿದರು ಅಂತ ತಿಳಿದು ಜಗಳ ಆಡಿದರೆ ಆ ಜಗಳಕ್ಕೂ ಒಂದು ಮರ್ಯಾದೆ ಇರುತ್ತದೆ.

ಮೊದಲು ಬಂದದ್ದು ಈಡಿನ ಮಾತು. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರಿಗೆ ಈಡಾಗಿ ಕೊಡಲು ಬಂದೆನೆಂದು ಹೇಳುತ್ತಾನೆ. ಈ ಮಾತು ನಿಮಗಿಂತ ನಿಮ್ಮ ತಾತಂದಿರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಮ್ಮ ಸೀಮೆಯಲ್ಲಿ ಮಳೆ ಹೋದ ವರ್ಷ ಅಪ್ಪ ಸಾಲ ತಂದರೆ, ಮಗನನ್ನು ಒಡೆಯನ ಮನೆಗೆ ಜೀತಕ್ಕೆ ಬಿಡುವುದಿತ್ತು. ದನ ಕಾಯುವ ವಯಸ್ಸಿಗೆ ಹೋದವನು ಮದುವೆಯ ವಯಸ್ಸಿಗೂ ಅಲ್ಲೇ. ಬಡ್ಡಿ ಬೆಳೆಯುತ್ತಿತ್ತು, ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲೇ ಇರುತ್ತಿತ್ತು. ಯಾರಾದರೂ ದುಡ್ಡು ಕಟ್ಟಿ ಬಿಡಿಸಿಕೊಂಡು ಬರಬೇಕು, ಇಲ್ಲವಾದರೆ ಸಾಯುವ ತನಕ ದುಡಿಯಬೇಕು. ಹಳೇ ತಲೆಯ ಸಭಾಪಿತೃಗಳು ಪಾಪವನ್ನೂ ಮರಣವನ್ನೂ ಕಂಡದ್ದು ಹೀಗೆಯೇ. ಮನುಷ್ಯ ಸೈತಾನನ ಮನೆಯ ಜೀತದಾಳು, ಕ್ರಿಸ್ತ ಅವನನ್ನು ಬಿಡಿಸಲು ಬಂದವನು.

ಆದರೆ ಈಡು ಯಾರಿಗೆ ಕಟ್ಟಿದ್ದು? ಓರಿಗೆನ್ ಎಂಬ ಮೂರನೆಯ ಶತಮಾನದ ದೊಡ್ಡ ವಿದ್ವಾಂಸ, ಸೈತಾನನಿಗೆ ಅಂದ. ನಿಸ್ಸದ ಗ್ರೆಗೊರಿ ಅದನ್ನು ಇನ್ನೂ ಬೆಳೆಸಿದ. ಮನುಷ್ಯದೇಹ ಗಾಳದ ಎರೆ, ದೈವತ್ವ ಒಳಗಿನ ಕೊಕ್ಕೆ, ಸೈತಾನ ನುಂಗಿ ಸಿಕ್ಕಿಬಿದ್ದ ಎಂದು. ಕೇಳಲು ಚೆನ್ನಾಗಿದೆ, ಆದರೆ ದೇವರು ಮೋಸ ಮಾಡಿ ಗೆದ್ದ ಹಾಗಾಯಿತಲ್ಲ! ಅವನ ಕಾಲದವನೇ, ಸ್ನೇಹಿತನೇ ಆದ ನಜಿಯಾಂಜಿನ ಗ್ರೆಗೊರಿಗೆ ಇದನ್ನು ಸಹಿಸಲಾಗಲಿಲ್ಲ. ಆ ಕಳ್ಳನಿಗೆ ದೇವರು ಬೆಲೆ ಕಟ್ಟಬೇಕೇ, ಇದೆಂಥ ಅವಮಾನ ಅಂದ. ಹಾಗಾದರೆ ತಂದೆಗೆ ಕಟ್ಟಿದ್ದೇ? ನಮ್ಮನ್ನು ಹಿಡಿದಿಟ್ಟವನು ತಂದೆಯಲ್ಲವಲ್ಲ, ಅಬ್ರಹಾಮ ಕೊಡಲು ಬಂದ ಇಸಾಕನನ್ನೇ ಬೇಡವೆಂದವನು ಸ್ವಂತ ಮಗನ ರಕ್ತದಲ್ಲಿ ಹೇಗೆ ಸಂತೋಷಪಟ್ಟಾನು ಅಂತಲೂ ಕೇಳಿದ. ನಿಮ್ಮ ಕೂಟದಲ್ಲಿ ಎದ್ದ ಪ್ರಶ್ನೆ ಇದೇ ಅಲ್ಲವೇ? ನಾಲ್ಕನೆಯ ಶತಮಾನದಲ್ಲೇ ಬಿಷಪರೊಬ್ಬರು ಕೇಳಿಯಾಗಿದೆ. ಅವರನ್ನು ಸಭೆ ಹೊರಗೆ ಹಾಕಲಿಲ್ಲ, ಸಂತರ ಪಟ್ಟಿಗೆ ಸೇರಿಸಿತು.

ನನಗೆ ಈ ಗಂಟು ಸ್ವಲ್ಪ ಸಡಿಲವಾದದ್ದು ಪುಸ್ತಕ ಓದಿ ಅಲ್ಲ, ಸರ್ಕಾರದ ಒಂದು ಕಾನೂನು ನೋಡಿ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆಯನ್ನೂ ತಂತು. ಜೀತದ ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಜೀತದಾಳಿನ ಸಾಲವನ್ನು ಸರ್ಕಾರ ಒಡೆಯನಿಗೆ ಕಟ್ಟಿಕೊಡುತ್ತದೆ ಅಂತ ಹೇಳುವುದಿಲ್ಲ. ಆ ಸಾಲವೇ ಇನ್ನಿಲ್ಲ ಅನ್ನುತ್ತದೆ. ಅಷ್ಟೇ ಅಲ್ಲ, ಆ ಸಾಲದ ಲೆಕ್ಕಕ್ಕೆ ಒಡೆಯ ಒಂದು ಕಾಸು ತೆಗೆದುಕೊಂಡರೂ ಅವನಿಗೇ ಮೂರು ವರ್ಷದವರೆಗೆ ಜೈಲು. ಅಂದರೆ ಆಳಿನ ಮೇಲೆ ಅವನಿಗೆ ಯಾವತ್ತೂ ನ್ಯಾಯವಾದ ಹಕ್ಕು ಇರಲೇ ಇಲ್ಲ ಅಂತ. ಈಡು ಯಾರ ಕೈಗೂ ಹೋಗಲಿಲ್ಲ, ಬಿಡುಗಡೆ ಮಾತ್ರ ಆಯಿತು. ಆದರೂ ಬೆಲೆ ಬಿದ್ದೇ ಬಿತ್ತು. ತಹಸೀಲ್ದಾರರ ಮುಂದೆ ನಿಂತು, ನಾನು ಜೀತದಾಳು, ನನ್ನ ಒಡೆಯ ಇಂಥವನು ಎಂದು ಬಾಯಿ ಬಿಟ್ಟು ಹೇಳಿದವನ, ಅವನ ಬೆನ್ನಿಗೆ ನಿಂತವನ ಮೈಮೇಲೆ ಬಿತ್ತು. ಶಿಲುಬೆಯನ್ನು ನಾನು ಹೀಗೆ ಓದುತ್ತೇನೆ. ಬೆಲೆ ನಿಜ, ಈಡು ನಿಜ, ಆದರೆ ಅದನ್ನು ಎಣಿಸಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡವರು ಯಾರೂ ಇಲ್ಲ. ಸ್ವೀಡನ್ನಿನ ಗುಸ್ತಾಫ್ ಔಲೇನ್ 1930ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಹಳೆಯ ಸಭೆಯ ಮೂಲ ನಂಬಿಕೆ ಇದೇ ಎಂದು ವಾದಿಸಿದರು. ಲೆಕ್ಕ ತೀರಿಸುವುದಕ್ಕಲ್ಲ, ಸೆರೆ ಹಿಡಿದ ಶಕ್ತಿಗಳನ್ನು ಗೆಲ್ಲುವುದಕ್ಕೆ ಕ್ರಿಸ್ತ ಬಂದದ್ದು ಎಂದು.

ಈಗ ಬೆಂಗಳೂರಿನ ಪಕ್ಷದವರ ಮಾತಿಗೆ ಬರೋಣ. 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಒಂದು ಪುಸ್ತಕ ಮುಗಿಸಿದರು, ದೇವರು ಯಾಕೆ ಮನುಷ್ಯನಾದ ಅಂತ. ಸೈತಾನನಿಗೆ ಕಟ್ಟುವ ಮಾತನ್ನು ಅವರು ಕಿತ್ತು ಬಿಸಾಡಿದರು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಕಿತ್ತುಕೊಂಡದ್ದು. ಅದನ್ನು ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವವನು ದೇವರು ಮಾತ್ರ. ಆದ್ದರಿಂದ ದೇವರೂ ಮನುಷ್ಯನೂ ಆದವನೇ ಬರಬೇಕಾಯಿತು. ಗಮನಿಸಿ, ಆನ್ಸೆಲ್ಮ್ ಹೇಳಿದ್ದು ಸಲ್ಲಿಸುವ ಮಾತು, ಶಿಕ್ಷೆಯ ಮಾತಲ್ಲ. ನ್ಯಾಯಾಲಯ, ತೀರ್ಪು, ನಮ್ಮ ಬದಲಿಗೆ ಶಿಕ್ಷೆ ಎಂದು ಅದನ್ನು ಖಚಿತವಾಗಿ ತಿರುಗಿಸಿದ್ದು ಹದಿನಾರನೆಯ ಶತಮಾನದ ಸುಧಾರಕರು, ಅದರಲ್ಲೂ ಕ್ಯಾಲ್ವಿನ್. ಅವರು ಕಾನೂನು ಓದಿದವರು. ಯೆಶಾಯನ 53ನೇ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯ ಅವರ ಕೈಯಲ್ಲಿತ್ತು. ಗಾಳಿಯಲ್ಲಿ ಕಟ್ಟಿದ್ದಲ್ಲ ಅದು.

ಊರಿನ ಪಕ್ಷದವರೇ, ಇದನ್ನು ಹಗುರವಾಗಿ ತಳ್ಳಬೇಡಿ. ಕುಡಿದು ಕುಡಿದು ಹೊಲ ಕಳೆದವನು, ಹೆಂಡತಿ ಮಕ್ಕಳನ್ನು ಬೀದಿಗೆ ತಂದವನು ರಾತ್ರಿ ಎದ್ದು ಕೂತು ಅಳುವುದನ್ನು ನೋಡಿದ್ದೀರಾ? ಅಂಥವನಿಗೆ ದೇವರು ಪ್ರೀತಿಸ್ವರೂಪಿ, ಹೋಗಲಿ ಬಿಡು ಅಂದರೆ ತಲೆಗೆ ಹೋಗುವುದಿಲ್ಲ. ನಾನು ಮಾಡಿದ್ದಕ್ಕೆ ಯಾರಾದರೂ ಲೆಕ್ಕ ಕೇಳಲೇಬೇಕು ಅಂತ ಅವನ ಒಳಗೇ ಒಬ್ಬ ನ್ಯಾಯಾಧೀಶ ಕೂತಿರುತ್ತಾನೆ. ನಿನ್ನ ತೀರ್ಪು ಇನ್ನೊಬ್ಬನ ಮೇಲೆ ಬಿದ್ದಾಗಿದೆ ಎಂಬ ಮಾತು ಒಂದೇ ಅವನನ್ನು ಎಬ್ಬಿಸಿ ನಿಲ್ಲಿಸುವುದನ್ನು ನಾನು ಕಂಡಿದ್ದೇನೆ. ಪಾಪಕ್ಕೆ ತೂಕವಿದೆ ಎಂದು ಹೇಳುವ ಧೈರ್ಯ ಆ ಉಪದೇಶಕ್ಕೆ ಇದೆ.

ಬೆಂಗಳೂರಿನ ಪಕ್ಷದವರೇ, ಈಗ ನಿಮ್ಮ ಸರದಿ. ನೀವು ತಲೆಯ ಮೇಲೆ ಹೊತ್ತುಕೊಂಡು ಓದುವ ಜಾನ್ ಸ್ಟಾಟ್ 1986ರಲ್ಲಿ ಶಿಲುಬೆಯ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ನಮ್ಮ ಬದಲಿಗೆ ಎಂಬ ಉಪದೇಶವನ್ನು ಅವರಷ್ಟು ಗಟ್ಟಿಯಾಗಿ ಹಿಡಿದವರು ಕಡಿಮೆ. ಆದರೆ ಸಿಟ್ಟಿನ ತಂದೆ ಒಂದು ಕಡೆ, ಪಾಪದ ಮಗ ಇನ್ನೊಂದು ಕಡೆ ಅಂತ ಇಬ್ಬರನ್ನು ಎದುರುಬದುರು ನಿಲ್ಲಿಸುವ ಬೋಧನೆಯನ್ನು ಅವರೇ ತಪ್ಪೆಂದರು. ಶಿಲುಬೆಯಲ್ಲಿ ದೇವರು ತನ್ನನ್ನೇ ಕೊಟ್ಟುಕೊಂಡ, ಬೇರೆ ಯಾರನ್ನೋ ಹಿಡಿದು ಹೊಡೆಯಲಿಲ್ಲ ಎಂಬುದು ಅವರ ವಾದದ ಜೀವ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಹೇಳುವುದೂ ಅದನ್ನೇ. ದೇವರು ಕ್ರಿಸ್ತನಲ್ಲಿ ಇದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸಂಧಾನ ಮಾಡಿಕೊಂಡ. ನಿಮ್ಮ ಬೋಧಕರು ವೇದಿಕೆಯ ಮೇಲೆ ಕೂಗುವುದು ಸ್ಟಾಟರ ಉಪದೇಶದ ಅರ್ಧ ಮಾತ್ರ.

ಆನ್ಸೆಲ್ಮರ ನಂತರದ ತಲೆಮಾರಿನ ಅಬೆಲಾರ್ಡ್ ಎಂಬ ಫ್ರಾನ್ಸಿನ ಮೇಷ್ಟ್ರು ಇನ್ನೊಂದು ದಾರಿ ತೋರಿಸಿದರು. ಅಷ್ಟು ದೂರ ಹೋದ ಪ್ರೀತಿಯನ್ನು ಕಂಡಾಗ ನಮ್ಮ ಕಲ್ಲೆದೆ ಕರಗುತ್ತದೆ, ಆ ಕರಗುವಿಕೆಯೇ ಬಿಡುಗಡೆ ಎಂದು. ತಪ್ಪಿಹೋದ ಮಗನ ಸಾಮ್ಯದಲ್ಲಿ ತಂದೆ ಯಾರ ರಕ್ತವನ್ನೂ ಕೇಳದೆ ಓಡಿಬಂದು ತಬ್ಬಿಕೊಂಡನಲ್ಲ ಅಂತ ಈ ದಾರಿ ಹಿಡಿದವರು ಇಂದಿಗೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಎದೆ ಕರಗದವರ ಗತಿ ಏನು ಎಂಬುದಕ್ಕೆ ಅವರ ಹತ್ತಿರ ಗಟ್ಟಿ ಉತ್ತರ ನನಗೆ ಸಿಕ್ಕಿಲ್ಲ. ಇನ್ನು ಕೇರಳದಿಂದ ಆಸ್ಪತ್ರೆಗಳಿಗೆ ಬರುವ ಆರ್ಥೊಡಾಕ್ಸ್ ನರ್ಸಮ್ಮಂದಿರನ್ನು ಮಾತಾಡಿಸಿ. ಅವರ ಸಭೆಯಲ್ಲಿ ಕೋರ್ಟಿನ ಮಾತಿಗಿಂತ ವಾಸಿಮಾಡುವ ಮಾತು ಹೆಚ್ಚು. ಮರಣದ ರೋಗ ಹಿಡಿದ ನಮ್ಮ ಸ್ವಭಾವದೊಳಗೆ ದೇವರೇ ಇಳಿದು ಬಂದು ಅದನ್ನು ಗುಣಪಡಿಸಿದ ಎನ್ನುತ್ತಾರೆ. ನಾಲ್ಕನೆಯ ಶತಮಾನದ ಅಥನಾಸಿಯಸ್ ಬರೆದದ್ದನ್ನು ಅವರು ಇನ್ನೂ ಬಿಟ್ಟಿಲ್ಲ. ಕಥೋಲಿಕರಿಗೆ ಅದೇ ಬಲಿ ಪ್ರತಿ ಪೂಜೆಯಲ್ಲೂ ನಮ್ಮ ಎದುರಿಗೆ ಬರುತ್ತದೆ. ಇದೇ ತಾಲ್ಲೂಕಿನ ಪ್ರಾರ್ಥನಾಮಂದಿರಗಳಲ್ಲಿ ಪೆಂತೆಕೊಸ್ತರು ಶಿಲುಬೆಯಲ್ಲಿ ದೇಹದ ರೋಗಕ್ಕೂ ಗುಣವಿದೆ ಎನ್ನುತ್ತಾರೆ.

ನಾವು ಯಾರ ಮಕ್ಕಳು ಅಂತಲೂ ಗೊತ್ತಿರಲಿ. ಈ ಜಿಲ್ಲೆಗೆ ವೆಸ್ಲಿಯನ್ ಮಿಷನ್ ಬಂದದ್ದು 1837ರಲ್ಲಿ, ಗುಬ್ಬಿಗೆ, ಥಾಮಸ್ ಹಾಡ್ಸನ್ ಅವರ ಮೂಲಕ. ಆ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯವರಿಗೂ ಅವರ ಆಪ್ತ ಗೆಳೆಯ ಜಾರ್ಜ್ ವಿಟ್‌ಫೀಲ್ಡರಿಗೂ ಇದೇ ಶಿಲುಬೆಯ ವಿಷಯದಲ್ಲಿ ಬಿರುಕು ಬಿತ್ತು. ಕ್ರಿಸ್ತ ಎಲ್ಲರಿಗಾಗಿ ಸತ್ತ ಅಂತ ವೆಸ್ಲಿ, ಆರಿಸಿಕೊಂಡವರಿಗಾಗಿ ಅಂತ ವಿಟ್‌ಫೀಲ್ಡ್. 1739ರಲ್ಲಿ ಶುರುವಾದ ಜಗಳ ಅಚ್ಚಿನ ಮನೆ ಹತ್ತಿ ಊರೆಲ್ಲ ಸುತ್ತಿತು. ಇಬ್ಬರೂ ಜೀವಮಾನವಿಡೀ ತಮ್ಮ ಪಟ್ಟು ಬಿಡಲಿಲ್ಲ. ಆದರೆ 1770ರಲ್ಲಿ ವಿಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ನೆನಪಿನ ಪ್ರಸಂಗ ಮಾಡಿದವರು ವೆಸ್ಲಿಯೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ಏನಾಯಿತು? ವೆಸ್ಲಿಯ ಮೆಥೊಡಿಸ್ಟರೂ ಬಂದರು, ಕ್ಯಾಲ್ವಿನ್ನನ ಪಾಠದಲ್ಲಿ ಬೆಳೆದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಶನಲಿಸ್ಟರೂ ಬಂದರು, ಆಂಗ್ಲಿಕನ್ನರೂ ಬಂದರು. ಪ್ರಾಯಶ್ಚಿತ್ತದ ಬಗ್ಗೆ, ಅಂದರೆ ಶಿಲುಬೆ ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ, ಒಂದೇ ವಿವರಣೆಗೆ ಸಹಿ ಹಾಕಿ ಅಂತ ಯಾರಿಗೂ ಹೇಳಲಿಲ್ಲ, ಹಳೆಯ ವಿಶ್ವಾಸಪ್ರಮಾಣಗಳೇ ಸಾಕು ಅಂದರು. ನೀವು ಪ್ರತಿ ಭಾನುವಾರ ಕೂರುವ ಬೆಂಚು ಆ ಒಪ್ಪಂದದ ಮೇಲೆ ನಿಂತಿದೆ.

ಒಂದು ಹಾಡಿಗೂ ಈ ಜಗಳ ತಟ್ಟಿದೆ. ಬೆಂಗಳೂರಿನ ಸಭೆಗಳಲ್ಲಿ ಇಂಗ್ಲಿಷಿನಲ್ಲಿ ನೀವೂ ಹಾಡುವ, 2001ರಲ್ಲಿ ಬಂದ 'ಇನ್ ಕ್ರೈಸ್ಟ್ ಅಲೋನ್'. ಅದರಲ್ಲಿ ದೇವರ ಕೋಪದ ಬಗ್ಗೆ ಒಂದು ಸಾಲಿದೆ. ಅಮೆರಿಕದ ದೊಡ್ಡ ಪ್ರೆಸ್ಬಿಟೇರಿಯನ್ ಸಭೆಯೊಂದು ತನ್ನ ಹೊಸ ಸಂಗೀತ ಪುಸ್ತಕಕ್ಕೆ ಅದನ್ನು ಸೇರಿಸುವಾಗ ಆ ಸಾಲು ಬದಲಿಸಲು ಕೇಳಿತು, ಬರೆದವರು ಒಪ್ಪಲಿಲ್ಲ, 2013ರಲ್ಲಿ ಬಂದ ಆ ಪುಸ್ತಕದಿಂದ ಹಾಡನ್ನೇ ಕೈಬಿಟ್ಟರು. ಸಾಲು ಬದಲಿಸಲು ಕೇಳಿದ್ದೂ ಸರಿ, ಬದಲಿಸುವುದಿಲ್ಲ ಅಂದದ್ದೂ ಸರಿ ಅಂತ ನನ್ನ ಅಭಿಪ್ರಾಯ. ಯಾರೂ ಯಾರನ್ನೂ ನರಕಕ್ಕೆ ಕಳಿಸಲಿಲ್ಲವಲ್ಲ.

ನಿಮ್ಮ ಹಿಂದೂ ಗೆಳೆಯರು ಕೇಳುತ್ತಾರೆ, ತಪ್ಪು ಮಾಡದವನಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ ಅಂತ. ಸಿಟ್ಟಾಗಬೇಡಿ. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಉಪದೇಶಗಳನ್ನು ಆರಿಸಿ ಪುಸ್ತಕ ಮಾಡಿದರು. ಆ ಉಪದೇಶದಂತೆ ನಡೆದರೆ ಸಾಕು, ಇನ್ನೊಬ್ಬರು ನಮ್ಮ ಪಾಪಕ್ಕೆ ಸಾಯಬೇಕಿಲ್ಲ ಎಂಬುದು ಅವರ ನಿಲುವು. ಶ್ರೀರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅದಕ್ಕೆ ಉದ್ದುದ್ದ ಉತ್ತರ ಬರೆದರು. ಕೇಳುವವರು ಶತ್ರುಗಳಲ್ಲ, ಇನ್ನೂರು ವರ್ಷದಿಂದ ಗಂಭೀರವಾಗಿ ಕೇಳುತ್ತಿದ್ದಾರೆ. ನಮ್ಮ ಕನ್ನಡದಲ್ಲಿ ನಿಘಂಟಿನ ಕಿಟ್ಟೆಲರು 1872ರಲ್ಲಿ 'ಯಜ್ಞಸುಧಾನಿಧಿ' ಅಂತ ಒಂದು ಚಿಕ್ಕ ಪುಸ್ತಕವನ್ನೇ ಬರೆದು, ಈ ನೆಲದ ಯಜ್ಞದ ಮಾತಿನಿಂದಲೇ ಕ್ರಿಸ್ತನ ಬಲಿಯ ಕಡೆಗೆ ದಾರಿ ಹುಡುಕಿದರು. ಅವರ ವಾದವನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಪಕ್ಕದ ಮನೆಯವರು ಬಲಿ ಎಂದರೆ ಏನು ತಿಳಿಯುತ್ತಾರೆ ಅಂತ ಮೊದಲು ಕಲಿತು ಆಮೇಲೆ ಬಾಯಿ ತೆರೆದರಲ್ಲ, ಆ ಶ್ರದ್ಧೆ ಕಲಿಯಿರಿ. ನಮ್ಮೂರಿನಲ್ಲೇ ನೋಡಿ, ಶನಿವಾರ ಬಂದರೆ ಶನಿಮಹಾತ್ಮನ ಗುಡಿಯ ಬೀದಿ ತುಂಬಿ ಹೋಗುತ್ತದೆ, ಶ್ರಾವಣದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಗಡಿಯಾಚೆಯ ಆಂಧ್ರದಿಂದಲೂ ಬರುತ್ತಾರೆ. ಮೈಮೇಲಿನ ಭಾರ ಇಳಿಯಲಿ ಎಂದು ಬರುವ ಮನುಷ್ಯರು ಅವರು. ಅವರನ್ನು ನೋಡಿ ನಕ್ಕರೆ ನಿಮಗೆ ಶಿಲುಬೆಯ ಮೇಲೆ ಮಾತಾಡುವ ಅರ್ಹತೆ ಇಲ್ಲ ಅಂತ ನಾನು ತಿಳಿಯುತ್ತೇನೆ.

ನಮ್ಮ ಸಭೆಯಲ್ಲಿ ಕೇರಿಯಿಂದ ಬಂದ ಮನೆಗಳೇ ಹೆಚ್ಚು, ಅದನ್ನು ಮುಚ್ಚಿಡುವುದು ಬೇಡ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಬೆಳೆಯಿತು. ಯೆಶಾಯನ 53ನೇ ಅಧ್ಯಾಯದಲ್ಲಿ ಜನ ಮುಖ ತಿರುಗಿಸಿಕೊಂಡ ಆ ಸೇವಕನಲ್ಲಿ ಅವರು ಕಂಡದ್ದು ತುಳಿಸಿಕೊಂಡವರ ದೇವರನ್ನು. ಅದೇ ಅಧ್ಯಾಯ ನೋಡಿ. ಒಬ್ಬರು ಅದರಲ್ಲಿ ಕೋರ್ಟಿನ ತೀರ್ಪು ಓದಿದರು, ಇನ್ನೊಬ್ಬರು ರೋಗಕ್ಕೆ ಗುಣ ಓದಿದರು, ಇವರು ತಮ್ಮದೇ ಗಾಯ ಓದಿದರು. ಜೀತದಿಂದ ಬಿಡುಗಡೆಯ ಪತ್ರ ಸಿಕ್ಕಿದ ಮೇಲೂ ತುಂಡು ಭೂಮಿಯಿಲ್ಲದೆ, ಹೊಟ್ಟೆಗಿಲ್ಲದೆ, ಮತ್ತೆ ಅದೇ ಒಡೆಯನ ಬಾಗಿಲಿಗೆ ಹೋದವರಿದ್ದರು. ಪಾಪ ಕ್ಷಮಿಸಲ್ಪಟ್ಟಿತು ಎಂಬಲ್ಲಿಗೆ ಶಿಲುಬೆಯ ಕೆಲಸ ಮುಗಿಯಿತು ಅಂತ ಬೋಧಿಸುವವರಿಗೆ ನಾನು ಇವರನ್ನು ತೋರಿಸುತ್ತೇನೆ.

ಯಾರು ಸರಿ ಅಂತ ಕೇಳಿದೆಯಲ್ಲಪ್ಪಾ, ನನ್ನ ತೀರ್ಮಾನ ಇದು. ಹೊಸ ಒಡಂಬಡಿಕೆಯಲ್ಲಿ ಈಡೂ ಇದೆ, ಬಲಿಯೂ ಇದೆ, ತೀರ್ಪೂ ಇದೆ, ಜಯವೂ ಇದೆ, ಸಂಧಾನವೂ ಇದೆ. ಒಂದನ್ನು ಹಿಡಿದು ಉಳಿದದ್ದನ್ನು ಹರಿದು ಹಾಕುವವನು ತಪ್ಪು. ಆದರೆ ಯಾವ ವಿವರಣೆಯಾದರೂ ಎರಡು ಕಡೆ ಕೆಟ್ಟುಹೋಗುತ್ತದೆ, ಅಲ್ಲಿ ನಾನು ಸುಮ್ಮನಿರುವವನಲ್ಲ.

ಒಂದು, ನರಳುವವರಿಗೆ ಪಾಪಿ ಎಂದು ಹೆಸರಿಡುವಾಗ. ನಮ್ಮ ತಾಲ್ಲೂಕಿನಲ್ಲಿ ಮಕ್ಕಳ ಹಲ್ಲು ಕಂದಿದ್ದು, ದೊಡ್ಡವರ ಮೂಳೆ ಬಾಗಿದ್ದು ಅವರ ಪಾಪದಿಂದಲ್ಲ, ಅವರಪ್ಪಂದಿರ ಪಾಪದಿಂದಲೂ ಅಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ ವಿಷಯದಲ್ಲಿ ಯೇಸುವೇ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಪ್ರಾರ್ಥನೆ ಮಾಡಿ, ಗುಣವಾಗಲಿ ಅಂತ ಕೇಳಿ, ಆದರೆ ಮಾತ್ರೆ ನಿಲ್ಲಿಸಿ ಅನ್ನುವ ಬೋಧಕನನ್ನು ಮನೆಯೊಳಗೆ ಸೇರಿಸಬೇಡಿ. ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಪಂಚಾಯಿತಿಗೆ ಹೋಗಿ ಗಲಾಟೆ ಮಾಡುವುದೂ ನಮ್ಮ ಕೆಲಸವೇ.

ಇನ್ನೊಂದು, ಹೊಡೆತ ತಿನ್ನುವ ಹೆಣ್ಣುಮಗಳಿಗೆ, ಇದು ನಿನ್ನ ಶಿಲುಬೆ ಕಣಮ್ಮ, ಹೊತ್ತುಕೋ ಎಂದು ಹೇಳುವಾಗ. ಗಂಡನ ಕೈಯ ಏಟು ಯಾರಿಗೂ ರಕ್ಷಣೆ ತರುವುದಿಲ್ಲ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದ ಯೇಸು. ಅವಳು ತಾನಾಗಿ ಕೊಟ್ಟಿದ್ದಲ್ಲ ಅದು. ಶಿಲುಬೆಯ ಹೆಸರಿನಲ್ಲಿ ಅವಳನ್ನು ವಾಪಸು ಕಳಿಸುವ ಹಿರಿಯರು, ನನ್ನ ಜೊತೆಯವರೇ ಆಗಿರಲಿ, ಆ ಏಟಿನಲ್ಲಿ ಪಾಲುದಾರರು. ಅಮೆರಿಕದ ಕಪ್ಪು ಮಹಿಳೆ ಡೆಲೋರೆಸ್ ವಿಲಿಯಮ್ಸ್ 1993ರಲ್ಲಿ ಇದೇ ಕೋಪದಿಂದ ಬರೆದರು. ಪ್ರಾಯಶ್ಚಿತ್ತದ ಉಪದೇಶದ ಬಗ್ಗೆ ಅವರು ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಆದರೆ ಆ ಕೋಪ ನ್ಯಾಯವಾದದ್ದು.

ಈ ಸಲದ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಮಾತಾಡಲು ಸಭಾಪಾಲಕರಾದ ಅಯ್ಯನವರು ಯುವಜನರನ್ನೇ ನಿಲ್ಲಿಸುತ್ತೇನೆ ಅಂದಿದ್ದಾರೆ. ಎರಡು ಪಕ್ಷದವರೂ ಮಾತು ಹಂಚಿಕೊಳ್ಳಿ. ಬಿಸಿಲಲ್ಲಿ ಉಪವಾಸ ಕೂತು ಕೇಳುವವರಲ್ಲಿ ಸಾಲದವರಿರುತ್ತಾರೆ, ಕುಡಿತ ಬಿಡಲಾಗದವರಿರುತ್ತಾರೆ, ಏಟು ತಿಂದು ಬಂದವರಿರುತ್ತಾರೆ, ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ಹಿಂದೂ ನೆರೆಯವರೂ ಇರುತ್ತಾರೆ. ಮೊದಲನೆಯ ಮಾತು ಕ್ಷಮೆಯದು, ಕೊಂದವರಿಗೋಸ್ಕರ ತಂದೆಯನ್ನು ಬೇಡಿಕೊಂಡದ್ದು. ಅದನ್ನು ಬೆಂಗಳೂರಿನಿಂದ ಬರುವವರು ತೆಗೆದುಕೊಳ್ಳಿ. ಕೈಬಿಡಲ್ಪಟ್ಟವನ ಕೂಗಾದ ನಾಲ್ಕನೆಯದನ್ನು ಊರಿನವರು ತೆಗೆದುಕೊಳ್ಳಿ. ಬರೆದದ್ದನ್ನು ಮೊದಲು ಒಬ್ಬರಿಗೊಬ್ಬರು ಓದಿ ತೋರಿಸಿ, ಆಮೇಲೆ ನನ್ನ ಹತ್ತಿರ ತನ್ನಿ. ಹತ್ತು ನಿಮಿಷಕ್ಕಿಂತ ಉದ್ದ ಬರೆದರೆ ಕತ್ತರಿಸುತ್ತೇನೆ.